ಕ್ಲಬ್ಬಿನ ಕೋಚ್ ದೇಶದ ತಂಡಕ್ಕೂ ಕೋಚ್ ಆದರೆ ತನ್ನ ಹುಡುಗರನ್ನೇ ತುಂಬುವುದಿಲ್ಲವೇ?

ಪ್ರಶ್ನೆ: ಸರ್, ಫುಟ್‌ಬಾಲ್‌ನಲ್ಲಿ ಒಬ್ಬರೇ ಕ್ಲಬ್ಬಿಗೂ ಕೋಚ್, ದೇಶಕ್ಕೂ ಕೋಚ್ ಅಂದ್ರೆ ತಮ್ಮ ಕ್ಲಬ್ ಹುಡುಗರನ್ನೇ ದೇಶದ ತಂಡಕ್ಕೆ ಹಾಕ್ಕೊಳ್ಳಲ್ವಾ?

ಉತ್ತರ: ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ಬೆಳಗಿನ ಪ್ರಾಕ್ಟೀಸ್ ಮುಗಿಸಿ ಬೆಣ್ಣೆ ದೋಸೆಗೆ ಕೂತರೆ ಸಾಕು, ಯಾರಾದರೂ ಒಬ್ಬರು ಇದನ್ನೇ ಕೇಳುತ್ತಾರೆ. ಎಷ್ಟು ಸಲ ಹೇಳಿದರೂ ಮುಂದಿನ ಭಾನುವಾರ ಮತ್ತೆ ಅದೇ. ಈ ಸಲ ಬರೆದೇ ಬಿಡುತ್ತೇನೆ.

ಇಲ್ಲ. ಸಾಮಾನ್ಯವಾಗಿ ಹಾಗೆ ತುಂಬುವುದಿಲ್ಲ. ಇಬ್ಬರಿಗೂ ಕೋಚ್ ಆಗುವುದರಲ್ಲಿ ತೊಂದರೆ ಇದೆ, ದೊಡ್ಡದೇ ಇದೆ. ಆದರೆ ಅದು ನೀವು ಹುಡುಕುತ್ತಿರುವ ಜಾಗದಲ್ಲಿ ಇಲ್ಲ.

ನಮ್ಮ ದೇಶದ್ದೇ ಲೆಕ್ಕ ನೋಡಿ. ಮನೋಲೊ ಮಾರ್ಕೆಜ್ 2024ರ ಜುಲೈನಲ್ಲಿ ಭಾರತ ತಂಡಕ್ಕೆ ಕೋಚ್ ಆದಾಗ ಎಫ್‌ಸಿ ಗೋವಾ ಕ್ಲಬ್ಬಿನ ಕೋಚ್ ಕೆಲಸ ಬಿಡಲಿಲ್ಲ. ಆ ಸೀಸನ್ ಪೂರ್ತಿ ಎರಡೂ ಕೆಲಸ ಮಾಡಿದರು. ಭಾರತ ಆಡಿದ 8 ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. 2025ರ ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ, ಮಾಲ್ಡೀವ್ಸ್ ಮೇಲೆ 3-0. ಆ ಮೂರು ಗೋಲು ಹೊಡೆದವರು ಯಾರು? ರಾಹುಲ್ ಭೇಕೆ, ಲಿಸ್ಟನ್ ಕೊಲಾಸೊ, ಸುನಿಲ್ ಛೆಟ್ರಿ. ಇಬ್ಬರು ಬೆಂಗಳೂರು ಎಫ್‌ಸಿ, ಒಬ್ಬರು ಮೋಹನ್ ಬಗಾನ್. ಗೋವಾದವರು ಒಬ್ಬರೂ ಇಲ್ಲ. ನಿವೃತ್ತಿಯಾಗಿದ್ದ 40 ವರ್ಷದ ಛೆಟ್ರಿಯವರನ್ನು, ತಂಡಕ್ಕೆ ಗೋಲು ಬರುತ್ತಿಲ್ಲ ಎಂದು ವಾಪಸ್ ಕರೆಸಿದ್ದೂ ಇದೇ ಕೋಚ್. ತಮ್ಮವರನ್ನೇ ತುಂಬಬೇಕು ಅನ್ನುವ ಮನುಷ್ಯ ಹೀಗೆ ಮಾಡುತ್ತಾರಾ?

ಇನ್ನೊಂದು ಮಾತು. ಕ್ಲಬ್ ಕೋಚ್‌ಗೆ ತನ್ನ ಹುಡುಗ ದೇಶಕ್ಕೆ ಆಡಲು ಹೋದರೆ ಹೆಮ್ಮೆ ಹೌದು, ಜೊತೆಗೆ ಹೊಟ್ಟೆಯಲ್ಲಿ ಭಯ. ವಿಮಾನದಲ್ಲಿ ಅಲೆದು ಸುಸ್ತಾಗಿ ಬರುತ್ತಾನೆ. ಮೊಣಕಾಲು ತಿರುಚಿಕೊಂಡು ಬಂದರೆ ಮುಂದಿನ ಪಂದ್ಯಕ್ಕೆ ಯಾರು? ಸ್ವಾರ್ಥವೇ ಮುಖ್ಯ ಎಂದಿಟ್ಟುಕೊಂಡರೂ, ಸ್ವಾರ್ಥಿ ಕೋಚ್ ತನ್ನ ಹುಡುಗರನ್ನು ಕಳಿಸದೆ ಇಟ್ಟುಕೊಳ್ಳುತ್ತಾನೆಯೇ ಹೊರತು ತುಂಬುವುದಿಲ್ಲ.

ನಿಜವಾಗಿ ತುಂಬಿದವರೂ ಇದ್ದಾರೆ. ಸೋವಿಯತ್ ಒಕ್ಕೂಟದ ವಲೇರಿ ಲೊಬನೊವ್ಸ್ಕಿ. 1986ರ ಮೇ ತಿಂಗಳಲ್ಲಿ ಅವರ ಕ್ಲಬ್ ಡೈನಮೊ ಕೀವ್, ಯುರೋಪಿನ ಕಪ್ ವಿನ್ನರ್ಸ್ ಕಪ್ ಫೈನಲ್‌ನಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್ ಅನ್ನು 3-0ರಿಂದ ಸೋಲಿಸಿತು. ವಿಶ್ವಕಪ್‌ಗೆ ಸ್ವಲ್ಪ ದಿನ ಇರುವಾಗ ದೇಶದ ತಂಡವೂ ಅವರ ಕೈಗೆ ಬಂತು. ಹೆಚ್ಚಿನವರು ಕೀವ್ ಹುಡುಗರೇ. ಮೆಕ್ಸಿಕೊದಲ್ಲಿ ನಡೆದ ಆ ವಿಶ್ವಕಪ್‌ನ ತಮ್ಮ ಮೊದಲ ಪಂದ್ಯದಲ್ಲಿ ಹಂಗೇರಿಯನ್ನು 6-0ರಿಂದ ಬಡಿದರು. ಪಕ್ಕದವನು ಯಾವಾಗ ಓಡುತ್ತಾನೆ, ಚೆಂಡು ಎಲ್ಲಿಗೆ ಕೊಡುತ್ತಾನೆ ಎಂದು ಕಣ್ಣುಮುಚ್ಚಿ ಹೇಳಬಲ್ಲ ಹುಡುಗರು ಅವರು. ಅದು ಪಕ್ಷಪಾತ ಅಲ್ಲ. ಟೈಮ್ ಇಲ್ಲದಾಗ ಕಟ್ಟಿದ ತಂಡವನ್ನೇ ಇಳಿಸುವುದು ಜಾಣತನ.

ಹಾಗಾದರೆ ತೊಂದರೆ ಎಲ್ಲಿ? ಕಣ್ಣಿನಲ್ಲಿ.

ನಾನು ಪಿಟಿ ಮೇಷ್ಟ್ರು. ಒಂದು ವರ್ಷ ನಮ್ಮ ಶಾಲೆಯ ತಂಡದ ಜೊತೆಗೆ ಜಿಲ್ಲೆಯ ಹುಡುಗರನ್ನು ಆರಿಸುವ ಕೆಲಸವೂ ನನಗೇ ಬಂತು. ಜಗಳೂರು ಕಡೆಯ ಮೇಷ್ಟ್ರೊಬ್ಬರು ಎರಡು ಸಲ ಫೋನ್ ಮಾಡಿದರು. "ಸರ್, ಎಡಗಾಲಿನ ಹುಡುಗ ಒಬ್ಬ ಇದ್ದಾನೆ, ಬಂದು ನೋಡ್ರಿ." ಎರಡು ಸಲವೂ ಅದೇ ದಿನ ನಮ್ಮ ಶಾಲೆಯ ಮ್ಯಾಚ್. ಹೋಗಲಿಲ್ಲ. ಎಡಬದಿಗೆ ನಮ್ಮ ಶಾಲೆಯ ಹುಡುಗನನ್ನೇ ಬರೆದೆ. ಪ್ರೀತಿಯಿಂದ ಅಲ್ಲ, ದಿನಾ ನೋಡಿದ್ದು ಅವನನ್ನು ಮಾತ್ರ. ಮುಂದಿನ ವರ್ಷ ಆ ಜಗಳೂರಿನ ಹುಡುಗನನ್ನು ನೋಡಿದೆ. ಗೆರೆಗೆ ಅಂಟಿಕೊಂಡು ಬಂದು, ಎಡಪಾದದ ಹೊರಬದಿಯಿಂದ ಚೆಂಡನ್ನು ಮೆಲ್ಲಗೆ ತಟ್ಟಿ, ಇಬ್ಬರ ನಡುವೆ ನುಸುಳಿಬಿಟ್ಟ. ಅಷ್ಟರಲ್ಲಿ ಆ ತಂಡಕ್ಕೆ ಅವನ ವಯಸ್ಸು ಮೀರಿತ್ತು. ಇವತ್ತಿಗೂ ನನಗೆ ಅದು ಚುಚ್ಚುತ್ತದೆ.

ಮಾರ್ಕೆಜ್ ಎರಡೂ ಕೆಲಸ ಮಾಡಿದ ಆ ಸೀಸನ್‌ನಲ್ಲಿ ನಮ್ಮ ದೇಶದ ಫುಟ್‌ಬಾಲ್ ಲೀಗ್ ಆದ ಐಎಸ್‌ಎಲ್‌ನಲ್ಲಿ 13 ತಂಡಗಳಿದ್ದವು. ಒಂದರ ಬೆಂಚಿನಲ್ಲಿ ಕೂತವರು ಉಳಿದ 12 ತಂಡಗಳನ್ನು ಮೈದಾನಕ್ಕೆ ಹೋಗಿ ನೋಡುವುದು ಯಾವಾಗ? ವಿಡಿಯೊ ಇದೆ ಅನ್ನಬಹುದು. ಚೆಂಡು ಇಲ್ಲದಾಗ ಹುಡುಗ ಏನು ಮಾಡುತ್ತಾನೆ ಎಂಬುದು ಟಿವಿಯಲ್ಲಿ ಅಷ್ಟು ಕಾಣುವುದಿಲ್ಲ. ಮಾತಿನದ್ದೂ ಒಂದು ಕಷ್ಟ. ದೇಶದ ಕೋಚ್ ಫೋನ್ ಮಾಡಿ "ನಿಮ್ಮ ಸ್ಟ್ರೈಕರ್ ತೊಡೆ ನೋವು ಹೇಗಿದೆ" ಎಂದು ಕೇಳಿದರೆ ಬೇರೆ ಕ್ಲಬ್ಬಿನವರು ನಿಜ ಹೇಳಬೇಕು. ಅದೇ ಕೋಚ್ ಮುಂದಿನ ವಾರ ಎದುರಾಳಿ ಆಗಿದ್ದರೆ? ನಾನಾದರೂ ಬಾಯಿ ಬಿಡುತ್ತಿರಲಿಲ್ಲ.

ಅದೇ ಸೀಸನ್‌ನಲ್ಲಿ ಗೋವಾ ಲೀಗ್‌ನಲ್ಲಿ ಎರಡನೇ ಸ್ಥಾನಕ್ಕೆ ಬಂತು, ಸೂಪರ್ ಕಪ್ ಗೆದ್ದಿತು. ಅದೇ ಮನುಷ್ಯ, ಅದೇ ಬುದ್ಧಿ. ದಿನಾ ಕೈಗೆ ಸಿಕ್ಕ ತಂಡ ಬೆಳೆಯಿತು, ಆಗಾಗ ಸಿಕ್ಕ ತಂಡ ನಿಂತಲ್ಲೇ ನಿಂತಿತು. 2025ರ ಜುಲೈನಲ್ಲಿ ಅವರು ಭಾರತ ತಂಡ ಬಿಟ್ಟರು. ನಂತರ ಬಂದ ಖಾಲಿದ್ ಜಮೀಲ್ ಜಮ್ಶೆಡ್‌ಪುರ ಕ್ಲಬ್ ಬಿಟ್ಟು ಪೂರ್ತಿ ದೇಶದ ಕೆಲಸಕ್ಕೆ ನಿಂತರು. ಎರಡನ್ನೂ ನಿಭಾಯಿಸಿದವರು ಇಲ್ಲವೆಂದಲ್ಲ. ಗುಸ್ ಹಿಡ್ಡಿಂಕ್ ನೆದರ್ಲೆಂಡ್ಸ್‌ನ ಪಿಎಸ್‌ವಿ ಕ್ಲಬ್ ನೋಡಿಕೊಳ್ಳುತ್ತಲೇ, 2005ರಲ್ಲಿ ಆಸ್ಟ್ರೇಲಿಯಾವನ್ನು 1974ರ ನಂತರ ಮೊದಲ ಸಲ ವಿಶ್ವಕಪ್‌ಗೆ ತಲುಪಿಸಿದರು. ಆದರೆ ಅವರ ಆಟಗಾರರಲ್ಲಿ ಬಹಳ ಮಂದಿ ಯುರೋಪಿನಲ್ಲೇ ಆಡುತ್ತಿದ್ದರು, ಅಂದರೆ ಕೋಚ್ ಇದ್ದ ಕಡೆಯೇ.

ಇಷ್ಟು ಬಂದಮೇಲೆ, ನೀವು ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಪೂರ್ತಿ ಟೈಮ್ ಕೋಚ್ ಇದ್ದರೂ ಆಟಗಾರರು ಸಿಗುವುದು ಎಷ್ಟು ದಿನ? ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಗೊತ್ತು ಮಾಡಿದ ದಿನಗಳಲ್ಲಿ ಮಾತ್ರ ಕ್ಲಬ್ ಹುಡುಗರನ್ನು ಬಿಡಲೇಬೇಕು. ಉಳಿದಂತೆ ಬಿಟ್ಟರೆ ಅವರ ದೊಡ್ಡತನ. ಸಾಮಾನ್ಯವಾಗಿ ಒಂದು ಸಲಕ್ಕೆ 9 ದಿನ, ಅದರಲ್ಲಿ ಎರಡು ಪಂದ್ಯ. ಪ್ರಯಾಣ, ವಿಶ್ರಾಂತಿ ಕಳೆದರೆ ಮೈದಾನದಲ್ಲಿ ಕಲಿಸಲು ಮೂರು ನಾಲ್ಕು ದಿನ ಉಳಿದರೆ ಪುಣ್ಯ. 2026ರಿಂದ ಸೆಪ್ಟೆಂಬರ್, ಅಕ್ಟೋಬರ್ ಎರಡರದ್ದೂ ಸೇರಿಸಿ ಒಂದೇ ಸಲಕ್ಕೆ 16 ದಿನ, 4 ಪಂದ್ಯ ಎಂದು ಮಾಡಿದ್ದಾರೆ. ಮೇಷ್ಟ್ರಾಗಿ ನನಗೆ ಇದು ತುಂಬಾ ಖುಷಿ ಕೊಟ್ಟಿದೆ. ಮೊದಲ ಪಂದ್ಯದಲ್ಲಿ ಕಂಡ ತಪ್ಪನ್ನು ಅದೇ ಹುಡುಗರ ಜೊತೆ ಕೂತು ತಿದ್ದಿ, ನಾಲ್ಕನೇ ಪಂದ್ಯಕ್ಕೆ ಇಳಿಸಬಹುದು.