ಮರುಕಳಿಕೆ

ಚಟ ಬಿಟ್ಟವರು ಮತ್ತೆ ಹಳೆಯ ಪ್ರಮಾಣದ ಬಳಕೆಗೆ ಮರಳುವುದನ್ನು ವ್ಯಸನ ಚಿಕಿತ್ಸೆಯಲ್ಲಿ ಮರುಕಳಿಕೆ ಅಥವಾ ರಿಲ್ಯಾಪ್ಸ್ ಎನ್ನುತ್ತಾರೆ. ಬಿಟ್ಟ ಮೇಲೆ ಒಂದು ಸಲ ಕುಡಿದದ್ದು, ಸೇದಿದ್ದು ಮರುಕಳಿಕೆಯಲ್ಲ. ಅದು ಎಡವಿದ್ದು ಅಷ್ಟೇ, ಲ್ಯಾಪ್ಸ್. ಮನೆಯವರು ಈ ಎರಡನ್ನೂ ಒಂದೇ ಎಂದುಕೊಂಡಾಗ ಕೆಲಸ ಕೆಡುತ್ತದೆ. ಎಡವಿದವರ ಮನಸ್ಸಿನಲ್ಲಿ 'ಹೇಗೂ ವ್ರತ ಕೆಟ್ಟಿತು, ಇನ್ನು ಬಿಟ್ಟೇನು ಪ್ರಯೋಜನ' ಎಂಬ ಯೋಚನೆ ಹುಟ್ಟುತ್ತದೆ. ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ 1980ರ ದಶಕದಲ್ಲೇ ಇದನ್ನು ವಿವರಿಸಿದ್ದರು. ಬೈಗುಳ ಆ ಯೋಚನೆಯನ್ನು ಗಟ್ಟಿ ಮಾಡುತ್ತದೆ. ಹರೆಯದವರಿಗಂತೂ ಇದು ಇನ್ನೂ ಕಷ್ಟ: ಆವೇಗಕ್ಕೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಸುಮಾರು 25ರ ವಯಸ್ಸಿನವರೆಗೂ ಬಲಿಯುತ್ತಲೇ ಇರುತ್ತದೆ.

ಅಮಲಿನಲ್ಲಿರುವಾಗ ವಿಚಾರಣೆ ಬೇಡ. ಅಮಲು ಪೂರ್ತಿ ಇಳಿದ ಮೇಲೆ, ಮನೆಯವರಲ್ಲಿ ಒಬ್ಬರೇ ಎದುರು ಕೂತು ಕೇಳಿ: ಏನು, ಎಷ್ಟು, ಯಾರ ಜೊತೆ, ಅದಕ್ಕೂ ಮುಂಚೆ ಏನಾಗಿತ್ತು? ಜಗಳ, ಒಂಟಿತನ, ಹಳೆಯ ಗೆಳೆಯನ ಫೋನ್, ಕೈಗೆ ಬಂದ ದುಡ್ಡು, ಹೀಗೆ ಏನಾದರೊಂದು ಸಿಕ್ಕೇ ಸಿಗುತ್ತದೆ. ಅದನ್ನು ಬರೆದಿಟ್ಟುಕೊಂಡು ಅದೇ ವಾರ ಆಪ್ತಸಮಾಲೋಚಕರನ್ನು ಕಾಣಿ. ತೀವ್ರ ಬಯಕೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಹೊತ್ತನ್ನು ಕಳೆಯಲು ಯಾರಿಗೆ ಕರೆ ಮಾಡಬೇಕು, ಎಲ್ಲಿಗೆ ಹೋಗಬೇಕು ಎಂಬುದು ಮೊದಲೇ ತೀರ್ಮಾನವಾಗಿರಲಿ. ಆಣೆ ಹಾಕಿಸುವುದರಿಂದ ಪ್ರಯೋಜನವಿಲ್ಲ. ಆಣೆ ಮುರಿದವರು ಮುಂದಿನ ಸಲ ಹೇಳುವುದನ್ನೇ ನಿಲ್ಲಿಸುತ್ತಾರೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಹಳೆಯ ಡೋಸ್. ಕೆಲವು ವಾರ ಬಿಟ್ಟಿದ್ದರೆ ದೇಹದ ತಾಳಿಕೆ ಇಳಿದಿರುತ್ತದೆ. ಹೆರಾಯಿನ್‌ನಂಥ ಓಪಿಯಾಯ್ಡ್‌ಗಳನ್ನು (ಅಫೀಮಿನ ಜಾತಿಯ ಮಾದಕಗಳನ್ನು) ಮೊದಲಿನಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಚಿಕಿತ್ಸಾ ಕೇಂದ್ರದಿಂದ ಮನೆಗೆ ಬಂದ ಮೊದಲ ವಾರಗಳಲ್ಲಿ ಈ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡಬೇಕು. ಅಲುಗಾಡಿಸಿದರೂ ಏಳದಿದ್ದರೆ, ತುಟಿ ನೀಲಿಗಟ್ಟಿದ್ದರೆ, ಉಸಿರು ಗೊರಕೆಯಂತೆ ಎಳೆಯುತ್ತಿದ್ದರೆ ತಕ್ಷಣ ಆಂಬುಲೆನ್ಸ್ ಕರೆಯಿರಿ. ಉಸಿರಾಡುತ್ತಿದ್ದರೆ ಮಗ್ಗುಲಿಗೆ ಮಲಗಿಸಿ, ಓಪಿಯಾಯ್ಡ್‌ನ ಪರಿಣಾಮ ತಡೆಯುವ ಔಷಧಿ ನಲೋಕ್ಸೋನ್ ಇದ್ದರೆ ಕೊಡಿ, 'ಮಲಗಿದರೆ ಸರಿಹೋಗುತ್ತದೆ' ಎಂದು ಬಿಟ್ಟುಹೋಗಬೇಡಿ.

ಮರುಕಳಿಕೆಯಾಗಿ ದಿನವೂ ವಿಪರೀತ ಕುಡಿಯುತ್ತಿರುವವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ನಿಲ್ಲಿಸಬಾರದು. ಮೊದಲ ಎರಡು ದಿನಗಳಲ್ಲೇ ಫಿಟ್ಸ್ ಬರಬಹುದು. ವೈದ್ಯರ ನಿಗಾದಲ್ಲೇ ಬಿಡಿಸಬೇಕು. ನಿದ್ರೆ ಮಾತ್ರೆಯ ಚಟಕ್ಕೂ ಇದೇ ಎಚ್ಚರ ಬೇಕು, ಅದನ್ನು ಹಂತಹಂತವಾಗಿಯೇ ಇಳಿಸುತ್ತಾರೆ.