ನಮ್ಮ ಗಿಡ್ಡ ಹಸುಗಳನ್ನು ಕಾರ್ಗಿ ಕಾಯುತ್ತದೆಯೇ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದು ತೋಟದ ಮನೆ. ಕೊಟ್ಟಿಗೆಯಲ್ಲಿ ಐದು ಮಲೆನಾಡು ಗಿಡ್ಡ ಹಸುಗಳಿವೆ. ಅವುಗಳ ಜೊತೆ ಬೆಟ್ಟಕ್ಕೆ ಹೋಗಲು ಈಗ ಜನ ಸಿಗುವುದಿಲ್ಲ. ಕಾರ್ಗಿ ನಾಯಿ ತರೋಣ, ಅದು ದನ ಕಾಯುವ ತಳಿ ಎಂದು ಮಗಳು ಹಟ ಹಿಡಿದಿದ್ದಾಳೆ. ನಿಜವೇ? ನಮ್ಮ ಮಳೆಗೆ ಅದು ತಡೆಯುತ್ತದೆಯೇ?

ಉತ್ತರ: ನಿಮ್ಮ ಮಗಳ ಮಾತಿನಲ್ಲಿ ಒಂದು ಪದ ಮಾತ್ರ ಬದಲಾಗಬೇಕು. ಕಾರ್ಗಿ ದನ ಹೊಡೆಯುವ ನಾಯಿ. ಕಾಯುವುದು ಬೇರೆ, ಹೊಡೆಯುವುದು ಬೇರೆ ಎಂದು ಕೊಟ್ಟಿಗೆ ಇಟ್ಟುಕೊಂಡಿರುವ ನಿಮಗೆ ಹೇಳಬೇಕಾಗಿಲ್ಲ. ಹಗಲಿಡೀ ಮೇಯುವ ದನದ ಮೇಲೆ ಕಣ್ಣಿಟ್ಟು, ತಪ್ಪಿಸಿಕೊಂಡದ್ದನ್ನು ಹುಡುಕಿ, ಸಂಜೆ ಎಣಿಸಿ ಕರೆತರುವುದು ಕಾಯುವವರ ಕೆಲಸ. ಕಾರ್ಗಿಗೆ ಒಲಿದಿರುವುದು ಹಿಂದಿನಿಂದ ಅಟ್ಟುವ ವಿದ್ಯೆ, ಅದೂ ಮನೆಯವರು ಜೊತೆಯಲ್ಲಿದ್ದಾಗ.

ಇದರ ತವರು ಬ್ರಿಟನ್ನಿನ ವೇಲ್ಸ್. ಅಲ್ಲಿನ ಭಾಷೆಯಲ್ಲಿ ‘ಕೊರ್’ ಎಂದರೆ ಕುಳ್ಳ, ‘ಕಿ’ ಎಂದರೆ ನಾಯಿ. ಎರಡೂ ಸೇರಿದಾಗ ಕಕಾರ ಹೋಗಿ ಗಕಾರ ಬರುತ್ತದೆ, ನಮ್ಮ ‘ಮಳೆಗಾಲ’ದ ಹಾಗೆ! ಪೆಂಬ್ರೋಕ್ ಮತ್ತು ಕಾರ್ಡಿಗನ್ ಎಂದು ಎರಡು ಬಗೆ. 1934ರಲ್ಲಿ ಬ್ರಿಟನ್ನಿನ ಕೆನೆಲ್ ಕ್ಲಬ್ ಇವನ್ನು ಬೇರೆ ಬೇರೆ ತಳಿಗಳೆಂದು ಒಪ್ಪಿತು. ರಾಣಿ ಎರಡನೆಯ ಎಲಿಜಬೆತ್ ಸಾಕಿದ್ದು ಪೆಂಬ್ರೋಕ್. ಅರಮನೆಯ ಆ ಚಿತ್ರಗಳನ್ನು ನೋಡಿ ಇದು ಮಡಿಲ ನಾಯಿ ಎಂದುಕೊಂಡವರೇ ಹೆಚ್ಚು.

ಸಾಗರದ ಕಡೆ ನಮ್ಮ ಅತ್ತಿಗೆಯ ಮನೆಯಲ್ಲಿ ಮೂರು ವರ್ಷದ ಒಂದು ಕಾರ್ಗಿ ಇದೆ. ಒಂದು ಸಂಜೆ ದನಗಳು ದಣಪೆ ದಾಟಿ ಬರುತ್ತಿದ್ದವು. ಜೆರ್ಸಿ ಮಿಶ್ರತಳಿಯ ಕಡಸೊಂದು ಹಿಂದೆ ಉಳಿದು ದಾಸವಾಳದ ಗಿಡಕ್ಕೆ ಬಾಯಿ ಹಾಕಿತು. ನಾಯಿ ಬೊಗಳಲಿಲ್ಲ. ಬಳಸಿಕೊಂಡು ಹಿಂದೆ ಹೋಗಿ, ಗೊರಸಿನ ಮೇಲ್ಗಡೆ ಹಲ್ಲು ತಾಗಿಸಿ, ಆ ಕ್ಷಣವೇ ಹೊಟ್ಟೆಯನ್ನು ನೆಲಕ್ಕೆ ಒತ್ತಿತು. ಕಡಸು ಝಾಡಿಸಿದ ಒದೆ ಅದರ ಕಿವಿಯ ಮೇಲಿಂದ ಹಾದುಹೋಯಿತು. ಇದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ಇಪ್ಪತ್ತೈದು ಮೂವತ್ತು ಸೆಂಟಿಮೀಟರ್ ಎತ್ತರದ ಮೈ ಯಾಕೆ ಎಂಬುದು ನನಗೆ ಅರ್ಥವಾದದ್ದು ಅಂದು.

ಆದರೆ ನಿಮ್ಮ ಗಿಡ್ಡಗಳು ಮೂರು ಅಡಿ ಆಸುಪಾಸಿನವು. ಅವುಗಳ ಒದೆಯೂ ತಗ್ಗಿನಲ್ಲೇ ಬರುತ್ತದೆ. ಚುರುಕು ಬೇರೆ. ಕುಳ್ಳ ನಾಯಿಯ ಉಪಾಯ ಕುಳ್ಳ ಹಸುವಿನ ಮುಂದೆ ಅಷ್ಟಾಗಿ ನಡೆಯಲಾರದು ಎಂದು ನನ್ನ ಅಂದಾಜು. ಗದ್ದೆಗೆ ನುಗ್ಗಿದ ಬೀಡಾಡಿ ದನವನ್ನು ಹೊರಗಟ್ಟಲು ಬಂದೀತು. ಆಳು ಸಿಗದ ತೊಂದರೆಗೆ ಮಾತ್ರ ಬೇಲಿ ಹಾಕಿದ ಬ್ಯಾಣವೋ (ಹುಲ್ಲುಗಾವಲು), ನೆರೆಯವರೊಡನೆ ಸರದಿಯೋ ಆಗಬೇಕು.

ಜೊತೆಗಾರನಾಗಿ ಸಾಕುವುದಾದರೆ ನನ್ನ ಒಪ್ಪಿಗೆ ಇದೆ. ಬುದ್ಧಿವಂತ ಪ್ರಾಣಿ, ಮನೆಯವರ ಬೆನ್ನು ಬಿಡುವುದಿಲ್ಲ. ಓಡಾಡುವ ಮಕ್ಕಳ ಹಿಮ್ಮಡಿಗೂ ಬಾಯಿ ಹಾಕುತ್ತದೆ. ಅದು ಸಿಟ್ಟಲ್ಲ, ಹುಟ್ಟುಗುಣ. ಮರಿಯಲ್ಲೇ ತಿದ್ದಿ.

ಕಷ್ಟ ಇರುವುದು ಮಳೆಗಾಲದಲ್ಲಿ. ಕಾರ್ಗಿಗೆ ಎರಡು ಪದರದ ಕೂದಲು, ಹೊಟ್ಟೆ ನೆಲಕ್ಕೆ ಹತ್ತಿರ. ಅಂಗಳ ದಾಟಿ ಬಂದರೆ ಸಾಕು, ಹೊಟ್ಟೆಯಡಿ ಕೆಂಪು ಕೆಸರು, ಬೆರಳ ಸಂದಿಯಲ್ಲಿ ಉಂಬಳ (ಜಿಗಣೆ). ಹೊರಗೆ ಒಣಗಿದಂತೆ ಕಂಡರೂ ಒಳಪದರ ತೇವವಾಗಿಯೇ ಇದ್ದು ಚರ್ಮಕ್ಕೆ ಬೂಷ್ಟು ತಗಲುತ್ತದೆ. ಅತ್ತಿಗೆ ಪ್ರತಿ ಸಂಜೆ ಬಚ್ಚಲ ಒಲೆಯ ಪಕ್ಕ ಕೂರಿಸಿಕೊಂಡು, ಹಳೆಯ ಪಂಚೆಯಿಂದ ಕೂದಲು ಬಿಡಿಸಿ ಬಿಡಿಸಿ ಒರೆಸುತ್ತಾರೆ. ಅರ್ಧ ಗಂಟೆಯ ಕೆಲಸ. ಅದನ್ನು ದಿನವೂ ಮಾಡುವವರು ಯಾರು ಎಂದು ಮೊದಲೇ ತೀರ್ಮಾನಿಸಿಕೊಳ್ಳಿ.

ಮಳೆ ನಿಂತರೆ ಉಣುಗು (ಉಣ್ಣೆ). ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ನಮ್ಮ ಜಿಲ್ಲೆಯನ್ನು ಇನ್ನೂ ಬಿಟ್ಟಿಲ್ಲ. ಕಾಡು ಸುತ್ತಿ ಬಂದ ನಾಯಿಯ ಮೈಮೇಲೆ ಉಣುಗು ಮನೆಯೊಳಗೆ ಬರುತ್ತದೆ. ನಾಯಿಗೂ ಉಣುಗಿನಿಂದ ಬೇರೆ ಜ್ವರಗಳಿವೆ. ಪಶುವೈದ್ಯರು ಹೇಳಿದ ಔಷಧ ತಪ್ಪಿಸಬೇಡಿ, ಬೆಟ್ಟಕ್ಕೆ ಬಿಡಬೇಡಿ. ರಾತ್ರಿ ಚಿರತೆಯ ಭಯವಿರುವುದರಿಂದ ಬಾಗಿಲೊಳಗೇ ಮಲಗಲಿ.

ಇನ್ನು ಬೆನ್ನು. ಗಿಡ್ಡ ಕಾಲು, ಉದ್ದ ಮೈ. ಬೆನ್ನುಮೂಳೆಯ ನಡುವಿನ ಡಿಸ್ಕ್ ಜಾರಿದರೆ ಹಿಂಗಾಲು ಬಿದ್ದುಹೋಗಬಹುದು. ಎತ್ತರದ ಜಗಲಿಯಿಂದ ಹಾರುವುದನ್ನು ಮರಿಯಿಂದಲೇ ತಪ್ಪಿಸಿ, ಒಂದು ಹಲಗೆಯನ್ನು ಇಳಿಜಾರಾಗಿ ಇಡಿ. ಮೈ ಬಂದಷ್ಟೂ ಬೆನ್ನಿಗೆ ಭಾರ. ಪೆಂಬ್ರೋಕ್ ಹನ್ನೆರಡು ಹದಿಮೂರು ಕಿಲೋ ಮೀರಬಾರದು. ಉಳಿದ ಅನ್ನ, ಹಬ್ಬದ ಹೋಳಿಗೆ ಎಂದು ಮನೆಮಂದಿಯೆಲ್ಲ ಹಾಕುವ ನಮ್ಮ ಅಭ್ಯಾಸ ಇದಕ್ಕೆ ಆಗಿಬರುವುದಿಲ್ಲ.

ತರುವುದಾದರೆ ದೀಪಾವಳಿ ಕಳೆದ ಮೇಲೆ ತನ್ನಿ, ಮುಂದಿನ ಮಳೆಗೆ ಮರಿ ಗಟ್ಟಿಯಾಗಿರುತ್ತದೆ. ಮೊದಲ ತಿಂಗಳು ದನ ಬರುವ ಹೊತ್ತಿಗೆ ಕೊರಳಿಗೆ ಹಗ್ಗ ಹಾಕಿ ಮಗಳ ಪಕ್ಕದಲ್ಲೇ ಇರಲಿ. ಹಸುಗಳು ಅದರ ವಾಸನೆಗೆ ಒಗ್ಗಿಕೊಳ್ಳುತ್ತವೆ. ಎಳೆಗರುವಿನ ಹಸು ಇದ್ದರೆ ಕೊಟ್ಟಿಗೆಯ ಬಾಗಿಲವರೆಗೂ ಬಿಡಬೇಡಿ.