ಮರಗಸಿಗೆ ಬ್ಯಾಟರಿ ಪ್ರೂನರ್: ಪ್ರಾಕ್ಟಿಕಲ್‌ಗೆ ಮುಂಚೆ ಓದಿಕೊಳ್ಳಲು

ಕೊಯ್ಲು ಮುಗಿದ ಮೇಲೆ ಕಾಫಿ ಗಿಡಕ್ಕೆ ಕಪಾತು (ಬೇಡದ ರೆಂಬೆ ಕತ್ತರಿಸುವುದು), ಮಳೆ ಹಿಡಿಯುವ ಮುಂಚೆ ನೆರಳಿನ ಮರಕ್ಕೆ ಮರಗಸಿ (ಕೊಂಬೆ ಕಡಿಯುವುದು). ಕೊಡಗಿನ ತೋಟಗಳಲ್ಲಿ ಎರಡಕ್ಕೂ ಈಗ ಬ್ಯಾಟರಿ ಯಂತ್ರ ಬಂದಿದೆ, ಆದರೆ ಎರಡೂ ಒಂದೇ ಯಂತ್ರವಲ್ಲ. ಕಪಾತಿನದು ಕತ್ತರಿ ಮಾದರಿ. ಹಾಲುವಾಣ, ಸಿಲ್ವರ್ ಓಕ್‌ನಂಥ ನೆರಳಿನ ಮರದ ಕೊಂಬೆಗೆ ಬೇಕಾದದ್ದು ಪುಟ್ಟ ಬಾರ್, ಅಂದರೆ ಲೋಹದ ಪಟ್ಟಿಯ ಮೇಲೆ ಹಲ್ಲಿನ ಚೈನ್ ಓಡುವ ಮಾದರಿ. ಈ ಟಿಪ್ಪಣಿ ಅದರ ಬಗ್ಗೆ.

ಪೆಟ್ರೋಲ್ ಗರಗಸ ಚಾಲೂ ಇದ್ದರೆ ಇಡೀ ತೋಟಕ್ಕೆ ಕೇಳುತ್ತದೆ. ಇದು ಸುಮ್ಮನಿರುತ್ತದೆ, ಟ್ರಿಗರ್ ಒತ್ತಿದ ಕ್ಷಣಕ್ಕೆ ಕಡಿಯುತ್ತದೆ. ಹಾಗಾಗಿ ಚೈನ್ ಬಿಗಿ ಮಾಡುವಾಗ, ಸಿಕ್ಕಿಕೊಂಡ ಸಿಪ್ಪೆ ತೆಗೆಯುವಾಗ, ಒಂದು ಮರದಿಂದ ದೂರದ ಇನ್ನೊಂದಕ್ಕೆ ಹೋಗುವಾಗ ಬ್ಯಾಟರಿ ಹೊರಗಿರಬೇಕು. ಲಾಕ್ ಬಟನ್ ಇದೆಯಲ್ಲ ಅನ್ನಬೇಡಿ.

ಯಂತ್ರ ಹಗುರ. ಒಂದೇ ಕೈಯಲ್ಲಿ ಹಿಡಿಯಬಹುದು ಅನ್ನುವಷ್ಟು ಹಗುರ. ಅಪಾಯ ಇರುವುದೂ ಅಲ್ಲೇ: ಖಾಲಿ ಇರುವ ಎಡಗೈ ತಾನಾಗಿ ಹೋಗಿ ಕೊಂಬೆ ಹಿಡಿಯುತ್ತದೆ, ಅದೂ ಚೈನ್‌ನ ಪಕ್ಕದಲ್ಲೇ. ಎರಡು ಹಿಡಿ ಇರುವ ಮಾದರಿಯಾದರೆ ಎರಡು ಕೈಯೂ ಯಂತ್ರದ ಮೇಲೆ. ಒಂದೇ ಹಿಡಿಯದಾದರೆ ಇನ್ನೊಂದು ಕೈ ಕಡಿಯುವ ಸಾಲಿನಿಂದ ದೂರ. ಬಾರ್‌ನ ಮೂತಿಯ ಮೇಲ್ಭಾಗ ಗಟ್ಟಿಯಾದದ್ದಕ್ಕೆ ತಗುಲಿದರೆ ಯಂತ್ರ ನಮ್ಮ ಕಡೆಗೇ ಹಿಮ್ಮೆಟ್ಟಿ ಹಾರುತ್ತದೆ. ಇದೇ ಕಿಕ್‌ಬ್ಯಾಕ್. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಸಂದಿಯಲ್ಲಿ ಮೂತಿ ತೂರಿಸಿದರೆ ಆ ಕಡೆ ಏನಿದೆ ಎಂದು ಕಾಣುವುದಿಲ್ಲ. ಬಳ್ಳಿಯನ್ನು ಮೊದಲು ಸರಿಸಿ. ಭುಜದಿಂದ ಮೇಲಕ್ಕೆ ಯಂತ್ರ ಎತ್ತಿ ಕಡಿಯಬೇಡಿ, ಏಣಿಯ ಮೇಲಂತೂ ಬೇಡವೇ ಬೇಡ.

ದಪ್ಪ ಕೊಂಬೆಗೆ ಮೂರು ಕಡಿತ. ಕಾಂಡದಿಂದ ಸುಮಾರು ಒಂದು ಅಡಿ ಆಚೆ, ಕೆಳಗಿನಿಂದ ಮೂರನೇ ಒಂದು ಭಾಗದವರೆಗೆ ಮೊದಲನೆಯದು. ಎರಡನೆಯದು ಇನ್ನೂ ಒಂದೆರಡು ಇಂಚು ಆಚೆ, ಮೇಲಿನಿಂದ. ಕೊಂಬೆ ಇಲ್ಲಿ ಮುರಿದು ಬೀಳುತ್ತದೆ. ಉಳಿದ ಮೋಟನ್ನು ಮೂರನೆಯದರಲ್ಲಿ ತೆಗೆಯಬೇಕು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಂಗುರದಂತೆ ಉಬ್ಬಿರುತ್ತದೆ, ಅದಕ್ಕೆ ತಾಗಿಸದೆ ಅದರ ಹೊರಗೇ ಕಡಿಯಿರಿ. ಗಾಯ ಮುಚ್ಚುವ ತೊಗಟೆ ಹುಟ್ಟುವುದು ಆ ಉಬ್ಬಿನಿಂದ. ಕೆಳಗಿನ ಕಡಿತ ಬಿಟ್ಟರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನು ಉದ್ದಕ್ಕೆ ಸುಲಿದುಕೊಂಡು ಹೋಗುತ್ತದೆ. ಆಮೇಲೆ ನಮ್ಮ ಜೂನ್, ಜುಲೈ ಮಳೆಯಲ್ಲಿ ಆ ಗಾಯ ಕೊಳೆಯುತ್ತದೆ.

ಬಾರ್ ಕೊಂಬೆಯಲ್ಲಿ ಸಿಕ್ಕಿಕೊಂಡರೆ ಜಗ್ಗಾಡಬೇಡಿ. ಬ್ಯಾಟರಿ ತೆಗೆದು, ಕೊಂಬೆಯನ್ನು ಕೋಲು ಕೊಟ್ಟು ಎತ್ತಿ ಬಿಡಿಸಿ.

ಕನ್ನಡಕ, ಹೆಲ್ಮೆಟ್, ಗ್ಲೌಸ್, ಬೂಟು ಎಲ್ಲರಿಗೂ ಗೊತ್ತು. ಕೊಂಬೆಗಳಲ್ಲಿ ಕಣಜದ ಗೂಡು, ಹೆಜ್ಜೇನು ಇದೆಯೇ ಎಂದು ತಲೆ ಎತ್ತಿ ನೋಡುವುದು ಮಾತ್ರ ಯಾವ ಮ್ಯಾನುಯಲ್‌ನಲ್ಲೂ ದಪ್ಪಕ್ಷರದಲ್ಲಿ ಇರುವುದಿಲ್ಲ. ಒದ್ದೆಯಾದ ಬ್ಯಾಟರಿಯನ್ನು ಚಾರ್ಜಿಗೆ ಹಾಕಬೇಡಿ. ಮಳೆಗಾಲವಿಡೀ ಕೆಲಸವಿಲ್ಲದಿದ್ದರೆ ಅರ್ಧ ಚಾರ್ಜಿನಲ್ಲಿ, ಒಣ ಜಾಗದಲ್ಲಿ ಇಡಿ.

ಇನ್ನು ಉದ್ದ ಕೋಲಿನ ಪ್ರೂನರ್. ಕಡಿಯುವ ಕೊಂಬೆಯ ನೇರ ಕೆಳಗೆ ನಿಲ್ಲಬಾರದು. ಕೋಲು ನೆಲದಿಂದ 60 ಡಿಗ್ರಿಗಿಂತ ಹೆಚ್ಚು ಮೇಲೆದ್ದಿರಬಾರದು. ಅದಕ್ಕಿಂತ ದೊಡ್ಡ ಭಯ ವಿದ್ಯುತ್ ಲೈನಿನದು. ತೋಟದ ನಡುವೆ 11 ಕೆವಿ (11,000 ವೋಲ್ಟ್) ಲೈನ್ ಹಾದುಹೋಗುವುದು ನಮ್ಮಲ್ಲಿ ಸಾಮಾನ್ಯ, ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಜೀವ ಹೋದ ಸುದ್ದಿಗಳೂ ಹೊಸದಲ್ಲ. ಬ್ಯಾಟರಿ ಯಂತ್ರ ಅಂದಮಾತ್ರಕ್ಕೆ ಶಾಕ್ ಹೊಡೆಯುವುದಿಲ್ಲ ಎಂದಲ್ಲ, ಕೋಲು ಕರೆಂಟನ್ನು ತಡೆಯುವುದಿಲ್ಲ. ಲೈನಿನಿಂದ 15 ಮೀಟರ್ ದೂರ ಇಟ್ಟುಕೊಳ್ಳಿ. ತಂತಿಯ ಹತ್ತಿರದ ಕೊಂಬೆಯಾದರೆ ನಮ್ಮ ವಿದ್ಯುತ್ ಕಂಪನಿ ಚೆಸ್ಕಾಂಗೆ ತಿಳಿಸಿ, ಅವರು ಬಂದು ಲೈನ್ ಆಫ್ ಮಾಡಿದ ಮೇಲೆಯೇ ಕೆಲಸ. ಮನೆಯಲ್ಲಿ ಕರೆಂಟ್ ಹೋಗಿದೆ ಎಂಬುದು ಲೆಕ್ಕಕ್ಕಿಲ್ಲ; ಇಲ್ಲಿ ಅದು ಹೇಳದೆ ಹೋಗುತ್ತದೆ, ಹೇಳದೆಯೇ ಬರುತ್ತದೆ.